ಮಳೆಗಾಲದ ಕೆಸರಿನಲ್ಲಿ ಜೀನು, ಲಗಾಮುಗಳನ್ನು ಶುಚಿಯಾಗಿಟ್ಟುಕೊಳ್ಳುವುದು ಹೇಗೆ?

ಪ್ರಶ್ನೆ — ಕಾಫಿತೋಟದ ಸವಾರ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದಿಂದ ಘಟ್ಟದಂಚಿನ ಕಡೆಗಿರುವ ನಮ್ಮ ತೋಟದಲ್ಲಿ ಎರಡು ಕುದುರೆಗಳಿವೆ. ಒಂದು ಕಾಠಿಯಾವಾಡಿ ಹೆಣ್ಣುಕುದುರೆ, ಇನ್ನೊಂದು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್. ಮೃಗಶಿರಾ ಮಳೆ ಹಿಡಿದ ಮೇಲೆ ಮಘೆ ಮುಗಿಯುವವರೆಗೂ ಸವಾರಿಯನ್ನು ಪೂರ್ತಿ ನಿಲ್ಲಿಸುವಂತಿಲ್ಲ, ಏಕೆಂದರೆ ಲಾಯದಲ್ಲೇ ನಿಂತ ಕುದುರೆಗಳ ಕಾಲು ಊದಿಕೊಳ್ಳುತ್ತದೆ, ಸ್ವಭಾವವೂ ಕೆಡುತ್ತದೆ. ಹಾಗಾಗಿ ಮಳೆ ತುಸು ಹೊಳವಾದಾಗಲೆಲ್ಲ ತೋಟದ ದಾರಿಯಲ್ಲಿ ಒಂದು ಸುತ್ತು ಹೋಗಿ ಬರುತ್ತೇವೆ. ಬರುವಾಗ ಕುದುರೆಯ ಹೊಟ್ಟೆ, ಗರ್ತ್ (ಜೀನನ್ನು ಹೊಟ್ಟೆಯಡಿಯಿಂದ ಬಿಗಿಯುವ ಪಟ್ಟಿ), ರಿಕಾಬು (ಸವಾರ ಕಾಲಿಡುವ ಬಳೆ), ಜೀನಿನ ಅಡಿಬದಿ ಎಲ್ಲವೂ ಕೆಂಪು ಕೆಸರಿನಿಂದ ತೊಯ್ದಿರುತ್ತವೆ.

ನಮ್ಮ ಜೀನು ಕಾನ್ಪುರದಲ್ಲಿ ತಯಾರಾದದ್ದು, ಮರದ ತೊಗಟೆಯ ಕಷಾಯದಲ್ಲಿ ಹದ ಮಾಡಿದ ದಪ್ಪ ಚರ್ಮದ್ದು. ಲಗಾಮು ಮತ್ತು ರಿಕಾಬಿನ ಪಟ್ಟಿಗಳೂ ಅಂಥವೇ. ಗರ್ತ್ ಮಾತ್ರ ಹತ್ತಿಯ ಹುರಿಯದು. ನಮ್ಮಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಬಹಳ ಶ್ರದ್ಧೆಯ ಮನುಷ್ಯ. ಆದರೆ ಅವರ ಪದ್ಧತಿ ಏನೆಂದರೆ ಎಲ್ಲವನ್ನೂ ಒಟ್ಟಿಗೆ ಅಂಗಳದಲ್ಲಿಟ್ಟು ಪೈಪಿನಿಂದ ನೀರು ಬಿಟ್ಟು, ಬಟ್ಟೆ ಒಗೆಯುವ ಸಾಬೂನು ಹಚ್ಚಿ ಉಜ್ಜಿ, ಆಮೇಲೆ ಬಚ್ಚಲುಮನೆಯ ಒಲೆಯ ಮೇಲಿನ ಗಳುವಿಗೆ ನೇತುಹಾಕುವುದು. ಮಾರನೆಯ ದಿನ ಪಟ್ಟಿಗಳು ಹಲಗೆಯಂತೆ ಬಿರುಸಾಗಿರುತ್ತವೆ. ಅದನ್ನು ಮೆದುಗೊಳಿಸಲು ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ, ವಾರ ತುಂಬುವುದರೊಳಗೆ ಅದರ ಮೇಲೆ ಬಿಳಿಯ ಬೂಷ್ಟು ಹಿಡಿಯುತ್ತದೆ, ಅದನ್ನು ಒರೆಸಿ ಮತ್ತೆ ಎಣ್ಣೆ ಹಚ್ಚುತ್ತೇವೆ.

ನನ್ನ ಸಂದೇಹಗಳು ಇವು. ಕೆಸರನ್ನು ಹಸಿಯಿರುವಾಗಲೇ ತೆಗೆಯಬೇಕೋ, ಅಥವಾ ಕೆಲವರು ಹೇಳುವಂತೆ ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಬೇಕೋ? ಬಿಸಿಲೇ ಕಾಣದ ತಿಂಗಳುಗಳಲ್ಲಿ ಚರ್ಮವನ್ನು ಒಣಗಿಸುವ ಸರಿಯಾದ ಕ್ರಮ ಯಾವುದು? ಇಷ್ಟೆಲ್ಲ ಪಾಡುಪಡುವ ಬದಲು ಮಳೆಗಾಲಕ್ಕೆಂದೇ ಸಿಂಥೆಟಿಕ್ ಜೀನು ತೆಗೆದುಕೊಳ್ಳುವುದು ಮೇಲೇ?


ಉತ್ತರ — ಲಾಯದ ಉಸ್ತುವಾರಿ

ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ಲಾಯ ಮತ್ತು ಸಾಮಗ್ರಿಯ ಕೋಣೆ ಎರಡೂ ನನ್ನ ಉಸ್ತುವಾರಿಯಲ್ಲಿವೆ. ನಮ್ಮಲ್ಲಿ ಮಳೆ ನಿಮ್ಮಷ್ಟಿಲ್ಲ, ಆದರೆ ಕುದುರೆಗಳ ಸಂಖ್ಯೆ ಹೆಚ್ಚಿರುವುದರಿಂದ ಕೆಸರಿಗೆ ಕೊರತೆಯಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಎರಡು ಉತ್ತರಗಳಿವೆ, ಅವೆರಡನ್ನೂ ಬೆರೆಸುವುದರಿಂದಲೇ ಗೊಂದಲವಾಗುತ್ತದೆ. ಚರ್ಮದ ಮೇಲಿನ ಕೆಸರನ್ನು ಹಸಿಯಿರುವಾಗಲೇ, ಸವಾರಿ ಮುಗಿಸಿ ಕುದುರೆಯನ್ನು ಕಟ್ಟಿದ ಕೂಡಲೇ ತೆಗೆಯಬೇಕು. ಬಟ್ಟೆ, ಹುರಿ, ನಮ್ದಾ (ಜೀನಿನಡಿಗೆ ಹಾಕುವ ಒತ್ತಿದ ಉಣ್ಣೆಯ ಹಾಸು) ಇಂಥವುಗಳ ಕೆಸರನ್ನು ಒಣಗಲು ಬಿಟ್ಟು, ಉದುರಿಸಿ, ಉಳಿದದ್ದನ್ನು ತೊಳೆಯಬೇಕು. ಜೇಡಿಯ ಕಣವೆಂದರೆ ಎರಡು ಮೈಕ್ರಾನಿಗಿಂತ ಸಣ್ಣದು. ಅದು ಒಣಗುವಾಗ ತಾನು ಅಂಟಿಕೊಂಡ ಚರ್ಮದಿಂದ ತೇವವನ್ನೂ ಜಿಡ್ಡನ್ನೂ ಹೀರಿಕೊಂಡು ಒಣಗುತ್ತದೆ. ಜೇಡಿಯ ಜೊತೆಗೆ ಬಂದ ಮರಳಿನ ಹರಳಂತೂ ಚರ್ಮಕ್ಕಿಂತ ಎಷ್ಟೋ ಪಾಲು ಗಟ್ಟಿ. ಒಣಗಿದ ಕೆಸರನ್ನು ಚರ್ಮದ ಮೇಲೆ ಬ್ರಷ್‌ನಿಂದ ಉಜ್ಜಿದರೆ ಆ ಹರಳು ಮೇಲ್ಪದರವನ್ನು ಗೀರುತ್ತದೆ, ಮೇಲ್ಪದರ ಹೋದ ಚರ್ಮ ಮುಂದಿನ ಮಳೆಯಲ್ಲಿ ಇಮ್ಮಡಿ ನೀರು ಕುಡಿಯುತ್ತದೆ. ಬಟ್ಟೆಯಲ್ಲಾದರೆ ಕಥೆ ತಿರುಗುಮುರುಗು. ಹಸಿ ಕೆಸರನ್ನು ಉಜ್ಜಿದಷ್ಟೂ ಅದು ನೂಲಿನೊಳಕ್ಕೆ ಹೋಗಿ ಕೂರುತ್ತದೆ.

ಚರ್ಮಕ್ಕೆ ಪೈಪು ಬೇಡವೇ ಬೇಡ. ಜೀನಿನ ಒಳಗಿರುವುದು ಬರೀ ಚರ್ಮವಲ್ಲ. ಅಡಿಯ ಮೆತ್ತೆಗಳಲ್ಲಿ ಉಣ್ಣೆ ತುಂಬಿರುತ್ತದೆ, ನಡುವೆ ಮರದ ಚೌಕಟ್ಟು ಮತ್ತು ಉಕ್ಕಿನ ಪಟ್ಟಿಗಳಿರುತ್ತವೆ, ಅಲ್ಲಲ್ಲಿ ಮೊಳೆಗಳಿರುತ್ತವೆ. ಒಮ್ಮೆ ಉಣ್ಣೆ ನೆನೆದರೆ ನಿಮ್ಮ ಊರಿನ ಜುಲೈ ತಿಂಗಳಲ್ಲಿ ಅದು ಒಣಗುವ ಮಾತೇ ಇಲ್ಲ, ಗಂಟುಗಟ್ಟಿ ಕುದುರೆಯ ಬೆನ್ನಿಗೆ ಒತ್ತುತ್ತದೆ. ಎರಡು ಬಕೆಟ್ ನೀರು ಇಟ್ಟುಕೊಳ್ಳಿ. ಒಂದರಲ್ಲಿ ಸ್ಪಂಜನ್ನು ಅದ್ದಿ, ಹನಿ ಬೀಳದಂತೆ ಹಿಂಡಿ, ಕೆಸರನ್ನು ಒರೆಸಿ. ಎರಡು ಕೈ ಒರೆಸಿದೊಡನೆ ಮತ್ತೆ ಅದ್ದಿ ಹಿಂಡಬೇಕು, ಇಲ್ಲದಿದ್ದರೆ ಕೆಸರು ತುಂಬಿದ ಸ್ಪಂಜು ಮರಳು ಕಾಗದದ ಕೆಲಸ ಮಾಡುತ್ತದೆ. ಕೆಸರೆಲ್ಲ ಹೋದ ಮೇಲೆ ಎರಡನೆಯ ಬಕೆಟ್ಟಿನ ಸ್ವಚ್ಛ ನೀರಿನಿಂದ ಇನ್ನೊಂದು ಸ್ಪಂಜಿನಲ್ಲಿ ಸಾಬೂನಿನ ಕೆಲಸ. ಸಾಬೂನು ಎಂದರೆ ಜೀನಿಗೆಂದೇ ಬರುವ ಗ್ಲಿಸರಿನ್ ಸಾಬೂನು, ಒಗೆಯುವ ಬಾರ್ ಅಲ್ಲ. ನೀರನ್ನು ಸ್ಪಂಜಿಗೆ ಕುಡಿಸದೆ, ಸಾಬೂನಿನ ಗಟ್ಟಿಯನ್ನೇ ತುಸು ಒದ್ದೆ ಮಾಡಿ ಸ್ಪಂಜನ್ನು ಅದರ ಮೇಲೆ ತಿರುಗಿಸಿದರೆ ಸಾಕು. ನೊರೆ ಎದ್ದಿತೆಂದರೆ ನೀರು ಹೆಚ್ಚಾಯಿತೆಂದೇ ಅರ್ಥ.

ಕೆಸರು ಕಣ್ಣಿಗೆ ಕಾಣುವ ಕಡೆ ಇರುವುದು ಕಡಿಮೆ. ಲಗಾಮನ್ನು ಪೂರ್ತಿ ಬಿಚ್ಚದೆ ಒರೆಸಿದರೆ ಒರೆಸಿದಂತೆಯೇ ಅಲ್ಲ. ಕೆನ್ನೆಪಟ್ಟಿ ಕಡಿವಾಣದ ಬಳೆಗೆ ಸುತ್ತಿಕೊಳ್ಳುವ ಮಡಿಕೆಯನ್ನು ಬಿಚ್ಚಿ ನೋಡಿ; ಕುದುರೆಯ ಜೊಲ್ಲು, ಅಗಿದ ಹುಲ್ಲಿನ ಹಸಿರು, ಕೆಂಪು ಮಣ್ಣು ಮೂರೂ ಸೇರಿ ಅಲ್ಲಿ ಕಪ್ಪು ಮೇಣದಂಥ ಒಂದು ಪದರ ಕಟ್ಟಿರುತ್ತದೆ. ಪಟ್ಟಿ ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ. ಬಕಲಿನ ನಾಲಗೆಯ ಬುಡ, ಪಟ್ಟಿಯ ತುದಿ ತೂರಿಸುವ ಚರ್ಮದ ಬಳೆಗಳ ಒಳಮೈ, ರಿಕಾಬು ಪಟ್ಟಿಯ ತೂತುಗಳು, ಜೀನಿನ ರೆಕ್ಕೆ ಎತ್ತಿದರೆ ಕಾಣುವ ಗರ್ತ್ ಪಟ್ಟಿಗಳ ಬುಡ, ಇವಿಷ್ಟಕ್ಕೂ ಹಳೆಯ ಹಲ್ಲುಜ್ಜುವ ಬ್ರಷ್ ಬೇಕು. ತೂತುಗಳಲ್ಲಿ ಸಾಬೂನು ಉಳಿದು ಗಟ್ಟಿಯಾಗದಂತೆ ಬೆಂಕಿಕಡ್ಡಿ ಹಾಕಿ ತೆಗೆಯಬೇಕು. ಕಡಿವಾಣವನ್ನು ಜೊಲ್ಲು ಒಣಗುವ ಮುನ್ನ ಬರೀ ನೀರಿನಲ್ಲಿ ತೊಳೆದರೆ ಆಯಿತು. ಕುದುರೆಯ ಬಾಯಿಗೆ ಹೋಗುವ ಭಾಗಕ್ಕೆ ಪಾಲಿಶ್ ಹಚ್ಚಬೇಡಿ.

ಗರ್ತ್ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಜೀನು ಒಂದು ದಿನ ಕೊಳಕಾಗಿದ್ದರೆ ಕುದುರೆ ಸಹಿಸಿಕೊಳ್ಳಬಹುದು. ಮುಂಗಾಲಿನ ಹಿಂದಿನ ಮೆತ್ತನೆಯ ಚರ್ಮದ ಮೇಲೆ ಉಪ್ಪು ಬೆವರು ಮತ್ತು ಮರಳು ಕೂಡಿದ ಗರ್ತ್ ಬಿಗಿದರೆ ಒಂದೇ ಸವಾರಿಯಲ್ಲಿ ಚರ್ಮ ಕಿತ್ತು ಬರುತ್ತದೆ. ಹುರಿಯ ಗರ್ತ್‌ಗಳನ್ನು ಎರಡು ಜೊತೆ ಇಟ್ಟುಕೊಂಡು, ಒಂದು ಒಣಗುವಾಗ ಇನ್ನೊಂದನ್ನು ಬಳಸಿ. ಬಿಗಿಯುವ ಮುನ್ನ ಅದರ ಒಳಮೈಯನ್ನೂ ಕುದುರೆಯ ಎದೆಯಡಿಯನ್ನೂ ಬರಿಗೈಯಿಂದ ಒಮ್ಮೆ ಸವರಿ ನೋಡುವ ಅಭ್ಯಾಸವನ್ನು ನಿಮ್ಮ ಸೈಸ್‌ಗೆ ಹೇಳಿಕೊಡಿ, ನೀವೂ ರೂಢಿಸಿಕೊಳ್ಳಿ.

ಒಣಗಿಸುವುದಕ್ಕೆ ಒಲೆ ಬೇಡ, ಫ್ಯಾನು ಸಾಕು. ಜೀನನ್ನು ಅಡಿಭಾಗಕ್ಕೆ ಗಾಳಿ ಆಡುವಂತೆ ಸ್ಟ್ಯಾಂಡಿನ ಮೇಲಿಡಿ, ಲಗಾಮನ್ನು ಮೊಳೆಗೆ ಸಿಕ್ಕಿಸದೆ ದುಂಡನೆಯ ಮರದ ಗುಂಡಿಗೆ ಹಾಕಿ, ರಿಕಾಬಿನ ಪಟ್ಟಿಗಳನ್ನು ನೇರವಾಗಿ ಇಳಿಬಿಡಿ. ಎಣ್ಣೆಯ ವಿಷಯದಲ್ಲಿ ನಮ್ಮ ರೂಢಿ ಏನೆಂದರೆ, ಮೇ ಕೊನೆಯ ವಾರದಲ್ಲಿ ಎಲ್ಲ ಚರ್ಮಕ್ಕೂ ಚೆನ್ನಾಗಿ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆಯುವ ಎಣ್ಣೆ) ಕುಡಿಸಿ, ಮಳೆಗಾಲ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಹಚ್ಚುತ್ತಿರುವುದು.


ಉತ್ತರ — ತೊಗಲಿನ ನಂಟು

ನಾನು ಸವಾರನಲ್ಲ. ತಮಿಳುನಾಡಿನ ಆಂಬೂರಿನ ಕಡೆ ಚರ್ಮ ಹದಮಾಡುವ ಉದ್ಯಮದಲ್ಲಿರುವ ಕನ್ನಡಿಗ. ಮೇಲಿನವರು ಕೆಸರಿನ ಬಗ್ಗೆ ಹೇಳಿದ್ದಕ್ಕೆಲ್ಲ ನನ್ನ ಸಹಮತವಿದೆ, ಎಣ್ಣೆಯ ಬಗ್ಗೆ ಹೇಳಿದ್ದಕ್ಕೆ ಇಲ್ಲ.

ಮೊದಲು ಒಗೆಯುವ ಸಾಬೂನಿನ ವಿಷಯ. ಹದ ಮಾಡಿದ ಚರ್ಮ ಸ್ವಭಾವತಃ ಆಮ್ಲೀಯ. ಅದರ ಪಿಎಚ್ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರುತ್ತದೆ. ಬಟ್ಟೆ ಸಾಬೂನಿನ ದ್ರಾವಣ 10ರ ಹತ್ತಿರ. ಅಷ್ಟು ಕ್ಷಾರ ತಾಗಿದಾಗ ನಾರುಗಳನ್ನು ಹಿಡಿದಿಟ್ಟಿರುವ ತೊಗಟೆಯ ಒಗರು (ಟ್ಯಾನಿನ್) ಸಡಿಲಗೊಂಡು ಹೊರಗೆ ಬರುತ್ತದೆ, ಚರ್ಮ ಕಂದುಗಪ್ಪಾಗುತ್ತದೆ, ನಾರುಗಳ ನಡುವಿನ ಕೊಬ್ಬೂ ತೊಳೆದುಹೋಗುತ್ತದೆ. ಕುದುರೆಯ ಬೆವರು ಕೂಡ ಕ್ಷಾರೀಯವೇ ಆದ್ದರಿಂದ ಕೆಸರಿಲ್ಲದ ದಿನವೂ ಬೆವರು ತಾಗಿದ ಜಾಗವನ್ನು ಒರೆಸಬೇಕೆಂದು ಹಳಬರು ಹೇಳುವುದರಲ್ಲಿ ಅರ್ಥವಿದೆ. ಇನ್ನು ಒಲೆಯ ಮೇಲೆ ಒಣಗಿಸಿದರೆ ಆಗುವುದೇನು? ಒಳಗಿನ ನೀರು ವೇಗವಾಗಿ ಹೊರಬರುವಾಗ ಕರಗಿದ ಒಗರನ್ನೂ ಎಳೆದು ತಂದು ಮೇಲ್ಮೈಯಲ್ಲಿ ಬಿಡುತ್ತದೆ. ಒಳಗೆ ಕೊಬ್ಬಿಲ್ಲದ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀವು ಹೇಳಿದ ಬಿರುಸು ಅದೇ. ಹಾಗೆ ಅಂಟಿದ ನಾರನ್ನು ಎಣ್ಣೆ ಪೂರ್ತಿಯಾಗಿ ಬಿಡಿಸಲಾರದು.

ಈಗ ನಿಮ್ಮ ಬಿಳಿಯ ಬೂಷ್ಟಿನ ಬಗ್ಗೆ ಒಂದು ಅನುಮಾನವಿದೆ: ಅದರಲ್ಲಿ ಒಂದು ಪಾಲು ಬೂಷ್ಟೇ ಅಲ್ಲದಿರಬಹುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸಕಲೇಶಪುರದ ಮಳೆಗಾಲದ ಬೆಳಗಿನಲ್ಲಿ ಚರ್ಮಕ್ಕೆ ಕುಡಿಸಿದ ಹೆಚ್ಚುವರಿ ಎಣ್ಣೆ ಮೇಲೆ ಬಂದು ಬೆಳ್ಳಗೆ ಪುಡಿಯಂತೆ ಕೂರುವುದು ಸಹಜ. ಪರೀಕ್ಷೆ ಸುಲಭ. ಆ ಜಾಗದ ಮೇಲೆ ಹೆಬ್ಬೆರಳನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಅಥವಾ ಕೂದಲು ಒಣಗಿಸುವ ಯಂತ್ರದ ಬೆಚ್ಚಗಿನ ಗಾಳಿಯನ್ನು ದೂರದಿಂದ ಹಾಯಿಸಿ. ಕೊಬ್ಬಾದರೆ ಕರಗಿ ಮಾಯವಾಗುತ್ತದೆ, ಬೂಷ್ಟಾದರೆ ಹಾಗೆಯೇ ಇರುತ್ತದೆ, ಮೂಗಿಗೆ ಮುಗ್ಗಲು ವಾಸನೆಯೂ ಬರುತ್ತದೆ. ಕೊಬ್ಬಾಗಿದ್ದರೆ ಒಣ ಬಟ್ಟೆಯಿಂದ ಒರೆಸಿಬಿಡಿ, ಮತ್ತೆ ಎಣ್ಣೆ ಹಚ್ಚಬೇಡಿ. ಬೂಷ್ಟಾಗಿದ್ದರೆ ಸಾಮಗ್ರಿಯ ಕೋಣೆಯಿಂದ ಹೊರಗೆ ತಂದು, ಮೂಗು ಬಾಯಿ ಮುಚ್ಚಿಕೊಂಡು, ಎಸೆಯಬಹುದಾದ ಬಟ್ಟೆಯಿಂದ ಒರೆಸಿ, ಬಳಿಕ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಿನ ಗಾಳಿಗೆ ಬಿಡಿ. ಮೊದಲು ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿ, ಏಕೆಂದರೆ ಕೆಲವು ಬಣ್ಣಗಳು ಬಿಡುತ್ತವೆ.

ಬೂಷ್ಟು ಬೆಳೆಯುವುದಕ್ಕೆ ತೇವವೂ ಬೇಕು, ಆಹಾರವೂ ಬೇಕು. ಚರ್ಮದ ಮೇಲೆ ಉಳಿದ ಬೆವರು, ಸಗಣಿ ಬೆರೆತ ಕೆಸರು, ಹೆಚ್ಚಾದ ಎಣ್ಣೆ ಇವೆಲ್ಲವೂ ಅದಕ್ಕೆ ಊಟ. ಆದುದರಿಂದ ಮಳೆಗಾಲದ ನಡುವೆ ದಿನ ಲೆಕ್ಕ ಹಾಕಿಕೊಂಡು ಎಣ್ಣೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಪಟ್ಟಿಯನ್ನು ಬಾಗಿಸಿದಾಗ ಬಿರುಸೆನಿಸಿದರೆ ಮಾತ್ರ, ಅದೂ ಇನ್ನೂ ತುಸುವೇ ತೇವವಿರುವಾಗ, ಒಳಮೈಯ ಕಡೆಯಿಂದ, ಬೆರಳ ತುದಿಯಷ್ಟು ಹಚ್ಚಬೇಕು. ಎಣ್ಣೆ ಅತಿಯಾದ ಚರ್ಮ ಹಿಗ್ಗುತ್ತದೆ. ರಿಕಾಬಿನ ಪಟ್ಟಿಗಳಲ್ಲಿ ಒಂದು ಹಿಗ್ಗಿ ಇನ್ನೊಂದು ಹಿಗ್ಗದೆ ಉಳಿದರೆ ಸವಾರನೇ ಓರೆಯಾಗಿ ಕೂರುತ್ತಾನೆ.

ತೇವದ ಮಾತು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ರಿಂದ 70ನ್ನು ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಚಿಗುರುತ್ತದೆ. ನಿಮ್ಮಲ್ಲಿ ಅದು 90ನ್ನು ಮೀರಿರುತ್ತದೆ. ಆದರೆ ಗಾಳಿಯನ್ನು ತುಸು ಬೆಚ್ಚಗೆ ಮಾಡಿದರೂ ಈ ಸಂಖ್ಯೆ ಸರಸರನೆ ಇಳಿಯುತ್ತದೆ. 24 ಡಿಗ್ರಿಯಲ್ಲಿ ಶೇಕಡಾ 90 ಇರುವ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ಆರ್ದ್ರತೆ ಸುಮಾರು 63ಕ್ಕೆ ಬರುತ್ತದೆ. ಹಿಂದೆ ಮಲೆನಾಡಿನ ಮನೆಗಳಲ್ಲಿ ಬಟ್ಟೆಯ ಬೀರುವಿನೊಳಗೆ 40 ವ್ಯಾಟಿನ ಬಲ್ಬು ಉರಿಸುತ್ತಿದ್ದುದು ಇದೇ ಕಾರಣಕ್ಕೆ. ಎಲ್‌ಇಡಿ ಬಲ್ಬು ಹಾಕಿದರೆ ಬೆಳಕು ಬರುತ್ತದೆಯೇ ಹೊರತು ಕೆಲಸವಾಗುವುದಿಲ್ಲ. ಚಿಕ್ಕ ಕೋಣೆಗೆ ಗಾಳಿಯ ತೇವ ತೆಗೆಯುವ ಯಂತ್ರವಿದ್ದರೆ ಇನ್ನೂ ಒಳ್ಳೆಯದು, ಆಗ ಕಿಟಕಿ ಮುಚ್ಚಿಡಬೇಕು. ಡಬ್ಬಿಯಲ್ಲಿ ಬರುವ ತೇವ ಹೀರುವ ಹರಳುಗಳು ಕರಗಿ ಉಪ್ಪುನೀರಾಗುತ್ತವೆ, ಅದು ಚರ್ಮದ ಮೇಲೆ ಚೆಲ್ಲದಂತೆ ನೆಲದ ಮೇಲಿಡಿ. ಜೀನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಹಳೆಯ ಹತ್ತಿಯ ಸೀರೆ ಹೊದಿಸಿದರೆ ಧೂಳೂ ತಡೆಯುತ್ತದೆ, ಗಾಳಿಯೂ ಆಡುತ್ತದೆ.


ಉತ್ತರ — ಪಡುವಣ ದ್ವೀಪದಿಂದ

ಐರ್ಲೆಂಡಿನಲ್ಲಿ ನೆಲೆಸಿದ್ದೇನೆ. ಇಲ್ಲಿ ಕೆಸರಿನ ಕಾಲವೆಂದರೆ ನವೆಂಬರಿನಿಂದ ಮಾರ್ಚಿಯವರೆಗಿನ ಚಳಿಗಾಲ. ಸಿಂಥೆಟಿಕ್ ಬಗ್ಗೆ ಯಾರೂ ಹೇಳದ್ದರಿಂದ ಎರಡು ಮಾತು.

ಲಗಾಮಿಗೆ ಬಯೋಥೇನ್ ಎಂಬ ಪಟ್ಟಿ ಬರುತ್ತದೆ. ಪಾಲಿಯೆಸ್ಟರ್ ನೇಯ್ಗೆಗೆ ಪ್ಲಾಸ್ಟಿಕ್ ಲೇಪ ಕೊಟ್ಟದ್ದು. ಬಕೆಟ್ ನೀರಿನಲ್ಲಿ ಅದ್ದಿ ತೆಗೆದು ಒರೆಸಿದರೆ ಮುಗಿಯಿತು, ಬೂಷ್ಟು ಅದರ ಮೇಲೆ ಬೇರೂರುವುದಿಲ್ಲ. ಕೆಸರು ದಾರಿಯ ಸುತ್ತಾಟಕ್ಕೆ ನಾನು ಅದನ್ನೇ ಬಳಸುತ್ತೇನೆ. ಆದರೆ ಅದು ಚರ್ಮದಷ್ಟು ಸುಲಭವಾಗಿ ತುಂಡಾಗುವುದಿಲ್ಲವೆಂಬುದು ಗುಣವೂ ಹೌದು, ದೋಷವೂ ಹೌದು. ಕುದುರೆ ಬೇಲಿಗೆ ಸಿಕ್ಕಿಕೊಂಡಾಗ ತುಂಡಾಗಬೇಕಾದ ಜಾಗವೊಂದು ಇರಬೇಕು. ಸಿಂಥೆಟಿಕ್ ಜೀನುಗಳಲ್ಲಿ ವಿಂಟೆಕ್‌ನಂಥವು ತೊಳೆಯಲು ಹಗುರ, ತೂಕವೂ ಕಡಿಮೆ. ಹಾಗೆಂದು ಅವುಗಳಿಗೆ ಆರೈಕೆಯೇ ಬೇಡವೆಂದಲ್ಲ. ಹೊಲಿಗೆ, ಬಕಲು, ಒಳಗಿನ ಫೋಮು ಇವೆಲ್ಲ ನೀರು ಹಿಡಿಯುತ್ತವೆ. ಮುಖ್ಯವಾಗಿ, ನಿಮ್ಮ ಥರೋಬ್ರೆಡ್ಡಿನ ಎತ್ತರದ ಹೆಗಲಿಗೆ ಕೂರುವ ಜೀನು ಕಾಠಿಯಾವಾಡಿಯ ಬೆನ್ನಿಗೆ ಕೂರಬೇಕೆಂದಿಲ್ಲ. ತೊಳೆಯಲು ಸುಲಭವೆಂಬ ಒಂದೇ ಕಾರಣಕ್ಕೆ ಸರಿಯಾಗಿ ಕೂರದ ಜೀನನ್ನು ಕೊಳ್ಳಬೇಡಿ.

ಜೀನಿನಡಿಯ ಬಟ್ಟೆಗಳನ್ನು ಒಗೆಯುವಾಗ ಕೂದಲನ್ನು ರಬ್ಬರ್ ಬ್ರಷ್‌ನಿಂದ ಮೊದಲೇ ತೆಗೆದುಬಿಡಿ, ಬಟ್ಟೆ ಮೆದುಗೊಳಿಸುವ ದ್ರವವನ್ನು ಹಾಕಬೇಡಿ. ಅದು ಬಟ್ಟೆಯ ಬೆವರು ಹೀರುವ ಗುಣವನ್ನು ಕೊಲ್ಲುತ್ತದೆ. ಕಾಲಿಗೆ ಕಟ್ಟುವ ಬೂಟುಗಳನ್ನು ಒದ್ದೆಯಾಗಿ ಬಿಡಬಾರದು. ಕೆಸರಿನಲ್ಲಿ ಸದಾ ನೆನೆದ ಗೊರಸಿನ ಮೇಲ್ಭಾಗದ ಚರ್ಮಕ್ಕೆ ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾ ತಗುಲಿ ಹಕ್ಕಳೆ ಕಟ್ಟುತ್ತದೆ, ಕೊಳಕು ಬೂಟು ಅದನ್ನು ಉಜ್ಜಿ ಇನ್ನಷ್ಟು ಕೆಡಿಸುತ್ತದೆ. ಒಂದು ಕುದುರೆಗೆ ಚರ್ಮರೋಗವಿದ್ದರೆ ಅದರ ಬ್ರಷ್, ಬಟ್ಟೆ, ಗರ್ತ್ ಇನ್ನೊಂದಕ್ಕೆ ಹೋಗಲೇಬಾರದು.

ಇನ್ನೊಂದು ವಿಷಯ. ಇಲ್ಲಿಂದ ಹೋಗುವ ಚರ್ಮದ ಮುಲಾಮುಗಳ ಡಬ್ಬಿಯ ಮೇಲೆ ವಾರಕ್ಕೊಮ್ಮೆ ಹಚ್ಚಿ ಎಂದು ಬರೆದಿರುತ್ತದೆ. ಇಲ್ಲಿ ಎಷ್ಟೋ ಕಡೆ ಸಾಮಗ್ರಿಯ ಕೋಣೆಗೆ ಹೀಟರ್ ಇರುತ್ತದೆ, ಆ ಒಣ ಗಾಳಿಗೆ ಅದು ಸರಿ. ಆಶ್ಲೇಷಾ ಮಳೆಯ ಮಲೆನಾಡಿಗೆ ಅದೇ ಲೆಕ್ಕ ಹೊಂದುವುದಿಲ್ಲ.


ಕಾಫಿತೋಟದ ಸವಾರ

ಎಲ್ಲರಿಗೂ ಕೃತಜ್ಞತೆಗಳು. ಹೆಬ್ಬೆರಳ ಪರೀಕ್ಷೆ ಮಾಡಿದೆ. ಜೀನಿನ ಮೇಲಿನದು ಕರಗಿತು, ಲಗಾಮಿನ ಒಳಮೈಯದು ಕರಗಲಿಲ್ಲ. ಅಂದರೆ ಎರಡೂ ಇವೆ. ಕೊಬ್ಬರಿ ಎಣ್ಣೆಯನ್ನು ಅಡುಗೆಮನೆಗೆ ವಾಪಸು ಕಳಿಸಿದ್ದೇನೆ. ಒಂದು ಪ್ರಶ್ನೆ ಉಳಿದಿದೆ: ರಿಕಾಬಿನ ಪಟ್ಟಿಯಲ್ಲಿ ಬಕಲಿನ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪು ಕಲೆಗಳಿವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇದು ಕೆಸರಿನ ಕಲೆಯೇ? ಪಟ್ಟಿಯನ್ನು ಇನ್ನೂ ಬಳಸಬಹುದೇ?


ಉತ್ತರ — ತೊಗಲಿನ ನಂಟು

ಕೆಸರಿನದಲ್ಲ, ತುಕ್ಕಿನದು. ತೊಗಟೆಯ ಒಗರಿಗೆ ಕಬ್ಬಿಣ ಮತ್ತು ನೀರು ಸೇರಿದರೆ ಹುಟ್ಟುವುದು ಶಾಯಿಯೇ. ಹಿಂದೆ ಬರೆಯುವ ಮಸಿಯನ್ನು ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ನಿಮ್ಮ ಬಕಲಿನ ಲೇಪ ಸವೆದು ಒಳಗಿನ ಕಬ್ಬಿಣ ಹೊರಬಿದ್ದಿದೆ. ನಿಂಬೆರಸದಿಂದ ಕಲೆ ತುಸು ತಿಳಿಯಾಗಬಹುದು, ಆದರೆ ಬಕಲನ್ನು ಬದಲಿಸದೆ ಕಲೆ ತೆಗೆಯುವುದು ವ್ಯರ್ಥ. ಸ್ಟೇನ್‌ಲೆಸ್ ಸ್ಟೀಲಿನದನ್ನೋ ಗಟ್ಟಿ ಹಿತ್ತಾಳೆಯದನ್ನೋ ಹಾಕಿಸಿ.


ಉತ್ತರ — ಲಾಯದ ಉಸ್ತುವಾರಿ

ಕಲೆಯ ಬಣ್ಣ ಮುಖ್ಯವಲ್ಲ, ಪಟ್ಟಿಯ ಬಲ ಮುಖ್ಯ. ಕಪ್ಪಾದ ಜಾಗದಲ್ಲಿ ಮೇಲ್ಮೈ ಹೊರಕ್ಕೆ ಬರುವಂತೆ ಪಟ್ಟಿಯನ್ನು ಬಾಗಿಸಿ. ಸಣ್ಣ ಗೆರೆಗಳಂಥ ಬಿರುಕು ಕಂಡರೆ ಅಥವಾ ತೂತುಗಳು ಉದ್ದುದ್ದಕ್ಕೆ ಹಿಗ್ಗಿದ್ದರೆ ಅದನ್ನು ಸವಾರಿಗೆ ಬಳಸಬೇಡಿ. ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ. ಕೊಳೆತ ನೂಲು ಪುಡಿಯಾಗಿ ಉದುರುತ್ತದೆ. ಪಟ್ಟಿ ಗಟ್ಟಿಯಾಗಿದ್ದು ನೂಲು ಮಾತ್ರ ಹೋಗಿದ್ದರೆ ಮೇಣ ಹಚ್ಚಿದ ದಪ್ಪ ನೂಲಿನಿಂದ ಕೈಹೊಲಿಗೆ ಹಾಕಿಸಬಹುದು. ನಿಮ್ಮೂರಿನ ಚಪ್ಪಲಿ ಹೊಲಿಯುವವರು ಇದನ್ನು ಬಲ್ಲವರೇ ಆಗಿರುತ್ತಾರೆ, ಆದರೆ ಮಷಿನ್ನಿನ ಹೊಲಿಗೆ ಬೇಡವೆಂದು ಹೇಳಿ.

ಎಣ್ಣೆಯ ವಿಷಯದಲ್ಲಿ ತೊಗಲಿನ ನಂಟು ಅವರ ಮಾತನ್ನು ಜೀನಿನ ಮಟ್ಟಿಗೆ ಒಪ್ಪುತ್ತೇನೆ. ಲಗಾಮಿನ ತೆಳ್ಳನೆಯ ಪಟ್ಟಿಗಳು ದಿನವೂ ಮಳೆಯಲ್ಲಿ ತೊಯ್ಯುವುದರಿಂದ ಅವಕ್ಕೆ ಮೇ ತಿಂಗಳ ಎಣ್ಣೆ ಬೇಕೇ ಬೇಕೆಂಬುದು ನನ್ನ ಅಭಿಪ್ರಾಯ.

ಇದೇ ಕೈಯಲ್ಲಿ ಇನ್ನೊಂದನ್ನು ನೋಡಿಬಿಡಿ. ರಿಕಾಬಿನ ಪಟ್ಟಿಯನ್ನು ಜೀನಿಗೆ ಸಿಕ್ಕಿಸುವ ಉಕ್ಕಿನ ಕೊಂಡಿಯ ತುದಿಯಲ್ಲಿ ಪುಟ್ಟ ಚಿಲಕವೊಂದಿರುತ್ತದೆ. ಸವಾರ ಬಿದ್ದು ಕಾಲು ರಿಕಾಬಿನಲ್ಲಿ ಸಿಕ್ಕಿಕೊಂಡಾಗ ಪಟ್ಟಿ ಜಾರಿ ಕಳಚಿಕೊಳ್ಳಬೇಕು ಎಂಬುದಕ್ಕಾಗಿ ಆ ಕೊಂಡಿಯ ಹಿಂಬದಿ ತೆರೆದಿರುತ್ತದೆ. ಜೀನಿನ ರೆಕ್ಕೆಯಡಿಗೆ ಸಿಡಿದ ಕೆಸರು ಅಲ್ಲಿ ಕೂತು, ತುಕ್ಕು ಹಿಡಿದು, ಮೇಲಕ್ಕೆತ್ತಿದ ಚಿಲಕ ಕೆಳಗಿಳಿಯದಂತಾಗುತ್ತದೆ. ಸವಾರಿ ಮಾಡುವಾಗ ಚಿಲಕ ಕೆಳಗೇ ಇರಬೇಕು. ಒಣ ಬ್ರಷ್‌ನಿಂದ ಕೆಸರು ತೆಗೆದು, ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆಯನ್ನು ಒಂದೇ ಹನಿ ಬಿಟ್ಟು, ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ. ಆಡದಿದ್ದರೆ ಅದು ಸರಿಯಾಗುವವರೆಗೆ ಆ ಜೀನನ್ನು ಕುದುರೆಯ ಮೇಲೆ ಹಾಕಬೇಡಿ.